ಡಿಫೆನ್ಸ್ ನೋಡಿಕೊಳ್ಳುವವಳು

ಇಲ್ಫರ್ಡ್
14 ಸೆಪ್ಟೆಂಬರ್ 2024

ಪ್ರೀತಿಯ ಸಾರ್,

ನಮಸ್ಕಾರ. ಫೋನ್ ಮಾಡಿದರೆ "ಚೆನ್ನಾಗಿದ್ದೀನಿ ಸಾರ್" ಅಂತ ಒಂದೇ ಮಾತು ಹೇಳಿ ಇಡ್ತೀಯ, ಕಾಗದ ಬರಿ ಅಂತ ಬೈದಿದ್ದಿರಲ್ಲ, ಅದಕ್ಕೇ ಕೂತಿದ್ದೀನಿ. ಕಾರ್ಖಾನೆ ಗ್ರೌಂಡಿನಲ್ಲಿ ನಾವು ಹುಡುಗಿಯರು ಆಡ್ತಿದ್ದಾಗ ಪ್ರತಿ ಮ್ಯಾಚ್ ಆದಮೇಲೂ ಏನು ಕಂಡಿತು ಅಂತ ನಮ್ಮ ಕೈಲಿ ಬರೆಸ್ತಿದ್ದಿರಿ. ಆಗಲೂ ನಂದೇ ಎಲ್ಲರಿಗಿಂತ ಚಿಕ್ಕದು.

ಇಲ್ಲಿ ಬೆಳಿಗ್ಗೆ ಕಾಲೇಜಿನಲ್ಲಿ ಕ್ರೀಡಾ ಕೋರ್ಸಿನವರಿಗೆ ಪಾಠ ಮಾಡ್ತೀನಿ, ಮಧ್ಯಾಹ್ನದ ಮೇಲೆ ಹುಡುಗಿಯರ ಫುಟ್‌ಬಾಲ್ ತಂಡ. ಹೆಡ್ ಕೋಚ್ ಗ್ಯಾರಿ, ವಯಸ್ಸಾದವರು, ಒಳ್ಳೆಯವರು. ಗೋಲ್ ಹೊಡೆಯೋದನ್ನ ಅವರು ಕಲಿಸ್ತಾರೆ, ಬೀಳದ ಹಾಗೆ ನೋಡಿಕೊಳ್ಳೋದು ನಾನು. ಡಿಫೆನ್ಸ್ ಅಸಿಸ್ಟೆಂಟ್ ಅಂತ ಜಾಕೆಟ್ ಮೇಲೆ ಬರೆದಿದ್ದಾರೆ. ಗ್ಯಾರಿ ಕ್ರಿಸ್‌ಮಸ್‌ಗೆ ನಿವೃತ್ತಿ ಆಗ್ತಾರೆ. ಆ ಜಾಗ ನಿನಗೇ ಅಂತ ಅವರೇ ಎರಡು ಸಲ ಹೇಳಿದ್ದಾರೆ.

ಈ ವರ್ಷ ನನ್ನ ಡಿಫೆನ್ಸಿನ ಸಾಲಿಗೆ ಸೃಷ್ಟಿ ಅಂತ ಒಬ್ಬ ಹುಡುಗಿ ಬಂದಿದ್ದಾಳೆ. ಹದಿನೇಳು ವರ್ಷ. ಅಪ್ಪ ಸದಾನಂದ, ಅಮ್ಮ ಸುಗಂಧಿ, ಕುಂದಾಪುರದವರು, ಇಲ್ಲೇ ಒಂದು ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಇಬ್ಬರೂ ಕೆಲಸ ಮಾಡ್ತಾರೆ. ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅದನ್ನೇ ಉಪಯೋಗಕ್ಕೆ ತಗೊಂಡೆ. ಸಾಲು ಮುಂದೆ ಹೋಗಬೇಕಾದರೆ "ಏರು", ಹಿಂದೆ ಬರಬೇಕಾದರೆ "ಇಳಿ". ಎದುರಿನವರಿಗೆ ಏನೂ ತಿಳಿಯೋದಿಲ್ಲ. ಈಗ ಘಾನಾ ಕಡೆಯ ಅಬೆನಾ, ಪೋಲೆಂಡಿನ ಜೂಲಿಯಾ ಎಲ್ಲರೂ "ಏರು, ಏರು" ಅಂತ ಕೂಗ್ತಾರೆ. ನೀವು ಕೇಳಿದರೆ ನಗ್ತೀರ.

ನಾನು ಚೆನ್ನಾಗಿದ್ದೀನಿ.

ನಿಮ್ಮ
ಗೌತಮಿ

*

ಬೆಂಗಳೂರು
6 ಅಕ್ಟೋಬರ್ 2024

ಚಿ. ಗೌತಮಿಗೆ ಮಹಾಲಿಂಗಪ್ಪನ ಆಶೀರ್ವಾದಗಳು.

ಕಾಗದ ಬಂತು. ಕನ್ನಡ ಕೂಗಿಸಿದ್ದು ಓದಿ ಒಬ್ಬನೇ ಕೂತು ನಕ್ಕೆ. ಮಗಳು ವಿಶಾಲಾಕ್ಷಿ ಏನಪ್ಪ ಅಂತ ಬಂದು ನೋಡಿ ಹೋದಳು. ಸದ್ಯಕ್ಕೆ ವೈಟ್‌ಫೀಲ್ಡಿನ ಅವಳ ಮನೆಯಲ್ಲೇ ಇದ್ದೇನೆ.

ಗ್ಯಾರಿ ಬಾಯಲ್ಲಿ ಹೇಳಿದ್ದನ್ನು ನಂಬಿಕೊಂಡು ಕೂರಬೇಡ. ಹೆಡ್ ಕೋಚ್ ಆಗಬೇಕು ಅಂತ ನೀನೇ ಹೋಗಿ ಕೇಳು. ಡಿಫೆಂಡರ್‌ಗಳಿಗೆ ಇದೊಂದು ರೋಗ. ಚೆಂಡು ತಮ್ಮ ಕಡೆ ಬರುವವರೆಗೆ ಕಾಯುತ್ತಾರೆ.

ಇಲ್ಲಿ ನಮ್ಮ ಹುಡುಗಿಯರ ಆಟ ನಡೆದಿದೆ. ಹೊಸ ಗೋಲ್‌ಕೀಪರ್ ಒಬ್ಬಳು ಬಂದಿದ್ದಾಳೆ, ಚೆಂಡು ಬಂದರೆ ಕಣ್ಣು ಮುಚ್ಚುತ್ತಾಳೆ. ಬಲಗಡೆ ಬ್ಯಾಕ್ ಆಡುವವಳ ಓಟ ಚಂದ, ಬುದ್ಧಿ ಕಮ್ಮಿ. ಎಡಗಡೆ ಮಣ್ಣು ಇನ್ನೂ ಹಾಗೇ ಇದೆ, ಮಳೆ ಬಂದರೆ ಕೆಸರು. ನಿನ್ನ ಜಾಗಕ್ಕೆ ಯಾರನ್ನೂ ಹಾಕಿಕೊಂಡಿಲ್ಲ. ಅಲ್ಲಿ ಬೇಸರ ಬಂದ ದಿನ ಬಂದುಬಿಡು, ಈ ಗ್ರೌಂಡ್ ನಿನ್ನದು. ಆ ಧೈರ್ಯದ ಮೇಲೆ ಅಲ್ಲಿ ತಲೆ ಎತ್ತಿ ಕೆಲಸ ಮಾಡು.

ಇಂತಿ,
ಮಹಾಲಿಂಗಪ್ಪ

*

ಇಲ್ಫರ್ಡ್
18 ಜನವರಿ 2025

ಪ್ರೀತಿಯ ಸಾರ್,

ನೀವು ಹೇಳಿದ ಹಾಗೆ ಕೇಳಿದೆ. ಸಂದರ್ಶನ ಮಾಡಿದರು. ಎಲ್ಲರೂ ಚೆನ್ನಾಗಿ ಮಾತಾಡಿಸಿದರು. ಕೊನೆಗೆ ಕ್ರೀಡಾ ವಿಭಾಗದ ಮುಖ್ಯಸ್ಥೆ ನನ್ನನ್ನ ಪಕ್ಕಕ್ಕೆ ಕರೆದು, ಈಗಿರೋ ಜಾಗದಲ್ಲೇ ನೀನು ನಮಗೆ ಬಹಳ ಬೇಕಾದವಳು ಅಂದರು. ಮುಗುಳ್ನಕ್ಕು ಥ್ಯಾಂಕ್ಸ್ ಹೇಳಿ ಬಂದೆ. ಬಸ್ಸು ಹತ್ತಿದ ಮೇಲೆ ಆ ಮಾತಿನ ಅರ್ಥ ಗೊತ್ತಾಯಿತು.

ಹೊಸ ಹೆಡ್ ಕೋಚ್ ಕ್ರೇಗ್ ನನಗಿಂತ ಚಿಕ್ಕವನು. ಕೆಟ್ಟವನೇನಲ್ಲ. ಡಿಫೆನ್ಸ್ ಪೂರ್ತಿ ನಿನ್ನ ಕೈಯಲ್ಲಿ ಅಂತ ಹೇಳಿದ. ವಾರದ ಯೋಜನೆಯನ್ನ ನಾನು ಮಾಡಿ ಕೊಡ್ತೀನಿ, ಮೀಟಿಂಗಿನಲ್ಲಿ ಅವನು ಹೇಳ್ತಾನೆ.

ಬೇರೆ ಕಡೆ ನೋಡು ಅಂತ ನೀವು ಬರೀತೀರ, ಗೊತ್ತು. ನನ್ನ ವೀಸಾ ಈ ಕಾಲೇಜಿನ ಹೆಸರಿನ ಮೇಲೆ ನಿಂತಿದೆ ಸಾರ್. ಕೆಲಸ ಬಿಟ್ಟರೆ ಎರಡು ತಿಂಗಳೊಳಗೆ ಇನ್ನೊಬ್ಬರು ನನಗೋಸ್ಕರ ಅಷ್ಟೆಲ್ಲ ಕಾಗದಪತ್ರ ಮಾಡೋಕೆ ಒಪ್ಪಬೇಕು, ಇಲ್ಲದಿದ್ದರೆ ದೇಶ ಬಿಡಬೇಕು. ಮುಂದಿನ ವರ್ಷ ಐದು ವರ್ಷ ತುಂಬುತ್ತೆ. ಆಗ ಇಲ್ಲೇ ನೆಲೆಸೋ ಅನುಮತಿ ಕೇಳಬಹುದು, ಯಾರ ಹಂಗೂ ಇರೋದಿಲ್ಲ. ಅಲ್ಲಿವರೆಗೆ ಬಾಯಿ ಮುಚ್ಚಿಕೊಂಡು ಹಿಂದಿನ ಸಾಲು ನೋಡಿಕೊಳ್ಳೋದು.

ನಮ್ಮ ಹಳೇ ಗೋಲ್‌ಕೀಪರ್ ಸಿರಿಶಾ ಈಗ ಇಲ್ಲೇ ಕ್ವೀನ್ಸ್‌ಬರಿಯಲ್ಲಿ ಇದ್ದಾಳೆ. ರಜಕ್ಕೆ ಊರಿಗೆ ಬಂದಿದ್ದಳು, ನಿಮ್ಮನ್ನ ನೋಡೋಕೆ ಆಗಲಿಲ್ಲವಂತೆ. ಚಕ್ಕುಲಿ ತಂದುಕೊಟ್ಟಳು. ಕಣ್ಣು ಮುಚ್ಚೋ ಕೀಪರ್ ಹುಡುಗಿ ಈಗ ಹೇಗಿದ್ದಾಳೆ ಸಾರ್? ಅವಳ ಬಗ್ಗೆ ಬರೀರಿ.

ಗೌತಮಿ

*

ಬೆಂಗಳೂರು
9 ಫೆಬ್ರವರಿ 2025

ಚಿ. ಗೌತಮಿಗೆ ಆಶೀರ್ವಾದಗಳು.

ಬೇಕಾದವಳು ಅಂದಿದ್ದಾರೆ ಅಂದರೆ ಅದು ಸಣ್ಣ ಮಾತಲ್ಲ. ಅವನು ಹೆಸರಿಗೆ ಹೆಡ್, ಕೆಲಸ ನಿನ್ನದು. ಇನ್ನು ಒಂದು ವರ್ಷದಲ್ಲಿ ಅವರೇ ಬಂದು ಕೊಡುತ್ತಾರೆ, ನೋಡುತ್ತಿರು. ನಾನು ಹದಿನಾಲ್ಕು ವರ್ಷ ಅಸಿಸ್ಟೆಂಟ್ ಆಗಿದ್ದವನು.

ಕೀಪರ್ ಹುಡುಗಿ ಈಗ ಕಣ್ಣು ತೆರೆದುಕೊಂಡೇ ಹಿಡಿಯುತ್ತಾಳೆ. ನೀನು ಕೇಳಿದ್ದು ಒಳ್ಳೇದಾಯಿತು. ಮೊನ್ನೆ ಒಂದು ಪೆನಾಲ್ಟಿಯನ್ನೂ ಹಿಡಿದಳು. ಉಳಿದವರು ಅವಳನ್ನು ಎತ್ತಿಕೊಂಡು ಕುಣಿದರು.

ಸಿರಿಶಾ ಬಂದಿದ್ದಳಾ? ಹೇಳಿ ಕಳಿಸಿದ್ದರೆ ನಾನೇ ಹೋಗಿ ನೋಡುತ್ತಿದ್ದೆ. ಗ್ರೌಂಡಿನ ಕಡೆ ಹೋಗಲಿಲ್ಲ ತಾನೇ? ಆ ಸಮಯದಲ್ಲಿ ನಮ್ಮದು ರಜಾ ಇತ್ತು.

ಮಹಾಲಿಂಗಪ್ಪ

*

ಇಲ್ಫರ್ಡ್
17 ಮಾರ್ಚ್ 2025, ಸೋಮವಾರ

ಸಾರ್,

ಈ ಕಾಗದ ನಿಮ್ಮ ಕೈಗೆ ಸಿಗೋ ಹೊತ್ತಿಗೆ ಬುಧವಾರ ಮುಗಿದು ಎಷ್ಟೋ ದಿನ ಆಗಿರುತ್ತೆ. ಆದರೂ ನಿಮಗಲ್ಲದೆ ಇನ್ಯಾರಿಗೆ ಬರೀಲಿ.

ಬುಧವಾರ ಸೆಮಿಫೈನಲ್. ಕಾಲೇಜು ಇಲ್ಲಿವರೆಗೆ ಬಂದಿರೋದು ಇದೇ ಮೊದಲು. ದೊಡ್ಡ ಕ್ಲಬ್ ಒಂದರಿಂದ ಆಟಗಾರ್ತಿಯರನ್ನ ಆರಿಸೋಕೆ ಒಬ್ಬರು ಬರ್ತಾರೆ, ಮುಖ್ಯವಾಗಿ ಸೃಷ್ಟಿಯನ್ನ ನೋಡೋಕೆ. ಇವತ್ತು ಪ್ರಾಕ್ಟೀಸಿನಲ್ಲಿ ನನ್ನ ಆಟಗಾರ್ತಿ ಒಬ್ಬಳಿಗೆ ಸ್ವಲ್ಪ ಪೆಟ್ಟಾಯಿತು. ಅವಳು ಆಡ್ತೀನಿ ಅಂತಾಳೆ. ಕ್ರೇಗ್ ಕೂಡ ಆಡಿಸೋಣ ಅಂತಾನೆ, ಎಲ್ಲೂ ಬರೆದಿಡೋದು ಬೇಡ, ಬರೆದರೆ ನಿಯಮದ ಪ್ರಕಾರ ವಾರಗಟ್ಟಲೆ ಹೊರಗೆ ಕೂರಿಸಬೇಕಾಗುತ್ತೆ ಅಂದ. ಹಾಗೆ ಹೇಳಿದವನೇ, ನನ್ನ ಕೆಲಸ ಮುಂದುವರಿಸೋದರ ಬಗ್ಗೆ ವರದಿಯನ್ನ ಈ ತಿಂಗಳೇ ಬರೀತೀನಿ ಅಂತ ಸೇರಿಸಿದ. ಬೆದರಿಸೋ ಹಾಗೆ ಹೇಳಲಿಲ್ಲ. ಟೀ ಕುಡೀತೀಯಾ ಅಂತ ಕೇಳೋ ಹಾಗೆ ಹೇಳಿದ.

ನೀವಾಗಿದ್ದರೆ ಏನು ಮಾಡ್ತಿದ್ದಿರಿ ಸಾರ್?

ಗೌತಮಿ

*

ಬೆಂಗಳೂರು
30 ಮಾರ್ಚ್ 2025

ಚಿ. ಗೌತಮಿಗೆ,

ಕಾಗದ ನಿನ್ನೆ ಬಂತು. ಮ್ಯಾಚ್ ಏನಾಯಿತೋ, ಗೆದ್ದಿರಿ ಅಂದುಕೊಂಡಿದ್ದೇನೆ.

ನಾನಾಗಿದ್ದರೆ ಆಡಿಸುತ್ತಿದ್ದೆ. ಹುಬ್ಬಳ್ಳಿ ಫೈನಲ್‌ನಲ್ಲಿ ಕಾಲ್ಬೆರಳು ಮುರಿದಿದ್ದರೂ ಆಡಿದವಳು ನೀನು. ಬೇಡ ಅಂದರೆ ಅತ್ತೆ. ಆಡಿದೆ, ಗೆದ್ದೆವು, ಆಮೇಲೆ ಪಟ್ಟಿ ಕಟ್ಟಿಸಿದೆವು. ಸಣ್ಣ ಪೆಟ್ಟಿಗೆಲ್ಲ ಕೂರಿಸಿದರೆ ಆಟಗಾರ್ತಿಯ ಮನಸ್ಸು ಮುರಿಯುತ್ತದೆ. ಹೆಡ್ ಕೋಚ್ ತೀರ್ಮಾನ ಮಾಡಿದ ಮೇಲೆ ಅಸಿಸ್ಟೆಂಟ್ ಎದುರು ನಿಲ್ಲಬಾರದು, ತಂಡ ಒಡೆಯುತ್ತದೆ. ನಿನ್ನ ವೀಸಾ ವಿಷಯವೂ ಇದೆ.

ನಮ್ಮ ಹುಡುಗಿಯರಿಗೆ ನಿನ್ನ ಸೆಮಿಫೈನಲ್ ಸುದ್ದಿ ಹೇಳಿದೆ. ಅಕ್ಕ ಯಾವಾಗ ಬರುತ್ತಾರೆ ಅಂತ ಕೇಳಿದರು.

ಮಹಾಲಿಂಗಪ್ಪ

*

ಇಲ್ಫರ್ಡ್
13 ಏಪ್ರಿಲ್ 2025

ಸಾರ್,

ನಿಮಗೆ ನಾನು ಪೂರ್ತಿ ಹೇಳಿರಲಿಲ್ಲ. ಪೆಟ್ಟು ಬಿದ್ದದ್ದು ತಲೆಗೆ. ಬಿದ್ದವಳು ಸೃಷ್ಟಿ.

ಸೋಮವಾರ ಕಾರ್ನರ್ ಪ್ರಾಕ್ಟೀಸಿನಲ್ಲಿ ಅವಳೂ ಜೂಲಿಯಾನೂ ಹಾರಿ ತಲೆಗೆ ತಲೆ ಹೊಡೆದುಕೊಂಡರು. ಸೃಷ್ಟಿ ಎದ್ದು ನಿಂತು, ನಾವು ಯಾವ ಕಡೆ ಆಡ್ತಿದ್ದೀವಿ ಅಂತ ನನ್ನ ಕೇಳಿದಳು. ಆಮೇಲೆ ವಾಂತಿ ಮಾಡಿಕೊಂಡಳು. ಕ್ರೇಗ್ ಪಕ್ಕದಲ್ಲೇ ಇದ್ದ. ಇವನ್ನೆಲ್ಲ ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಪಾಠ ಮಾಡ್ತೀನಿ. ಆದರೂ ಬರೆದಿಡಲಿಲ್ಲ, ಅವಳ ಮನೆಗೂ ತಿಳಿಸಲಿಲ್ಲ. ಪ್ಲೀಸ್ ಮಿಸ್, ಅಮ್ಮನಿಗೆ ಹೇಳಬೇಡಿ ಅಂತ ಅವಳು ಕೈ ಹಿಡಿದುಕೊಂಡಳು. ನನಗೂ ಅದೇ ಬೇಕಾಗಿತ್ತು.

ಬುಧವಾರ ಮೊದಲ ಅರ್ಧ ಹೇಗೋ ಕಳೀತು. ಅಬೆನಾ ಸಾಲನ್ನ ಮುಂದೆ ಕರೆದು "ಏರು" ಅಂತ ಕೂಗಿದಳು. ಮೂವರು ಮುಂದೆ ಹೋದರು. ಸೃಷ್ಟಿ ಹಿಂದೆ ನಡೆದಳು. ಓಡಲಿಲ್ಲ, ನಡೆದಳು, ಗೋಲ್ ಕಂಬದ ಹತ್ತಿರ ಹೋಗಿ ಅದನ್ನ ಹಿಡಿದುಕೊಂಡು ನಿಂತಳು. ಅವಳಿಗೆ ಗೊತ್ತಿಲ್ಲದ ಭಾಷೆ ಅದಲ್ಲ ಸಾರ್.

ಅವಳನ್ನ ತೆಗಿ ಅಂತ ಕ್ರೇಗ್‌ಗೆ ಹೇಳಿದೆ. "ಹತ್ತು ನಿಮಿಷ ಇರು," ಅಂದ, ನನ್ನ ಮುಖ ನೋಡಲಿಲ್ಲ. ನಾನು ಗೆರೆ ದಾಟಿ ಮೈದಾನದ ಒಳಗೆ ಹೋದೆ, ರೆಫರಿಯ ಹತ್ತಿರ ಹೋಗಿ ಎಲ್ಲರಿಗೂ ಕೇಳೋ ಹಾಗೆ ಹೇಳಿದೆ: "ಈ ಹುಡುಗಿಗೆ ಸೋಮವಾರ ತಲೆಗೆ ಏಟಾಗಿದೆ. ನನಗೆ ಗೊತ್ತಿತ್ತು."

ಆಟ ನಿಲ್ಲಿಸಿದರು. ಆಂಬ್ಯುಲೆನ್ಸ್ ಬಂತು. ಸ್ಕ್ಯಾನ್ ಆಯಿತು, ರಕ್ತ ಏನೂ ಹೆಪ್ಪುಗಟ್ಟಿಲ್ಲ, ಆದರೆ ಇಲ್ಲಿನ ಬೇಸಿಗೆವರೆಗೆ, ಅಂದರೆ ಜೂನ್‌ವರೆಗಾದರೂ ಆಟ ಬೇಡ ಅಂದರು. ನಾವು ಸೋತೆವು. ಆರಿಸೋಕೆ ಬಂದವರು ಹೊರಟುಹೋದರು. ಸ್ಟ್ರೆಚರ್ ಮೇಲಿಂದ ಸೃಷ್ಟಿ ನನ್ನ ನೋಡಿದ ನೋಟ ನಾನು ಬರೆಯೋದಿಲ್ಲ.

ಈಗ ವಿಚಾರಣೆ. ತನಗೆ ಗೊತ್ತೇ ಇರಲಿಲ್ಲ ಅಂತ ಕ್ರೇಗ್ ಹೇಳಿದ್ದಾನೆ. ಗೊತ್ತಿತ್ತು ಅಂತ ನಾನೇ ಎಲ್ಲರೆದುರು ಹೇಳಿದ್ದೀನಲ್ಲ, ಅದನ್ನೇ ಹಿಡಿದುಕೊಂಡಿದ್ದಾರೆ. ವಿಷಯ ತಿಳಿದಿದ್ದು ನನಗೊಬ್ಬಳಿಗೇ, ಹೆಡ್ ಕೋಚ್‌ಗೆ ಹೇಳಲಿಲ್ಲ ಅಂತ ಒಂದು ಹೇಳಿಕೆಗೆ ಸಹಿ ಹಾಕಬೇಕಂತೆ. ಹಾಕಿದರೆ ಎಚ್ಚರಿಕೆ ಕೊಟ್ಟು ಬಿಡ್ತಾರೆ, ಕೆಲಸ ಇರುತ್ತೆ, ವೀಸಾ ಇರುತ್ತೆ. ಹಾಕದಿದ್ದರೆ ಜೂನ್‌ಗೆ ಕಾಂಟ್ರಾಕ್ಟ್ ಮುಗಿಯುತ್ತೆ, ಮುಂದುವರಿಸೋದಿಲ್ಲ.

ನಿಮ್ಮ ಹಿಂದಿನ ಕಾಗದ ಇದೆಲ್ಲ ಆದಮೇಲೆ ಬಂತು. ನಿಮ್ಮ ಮೇಲೆ ಸಿಟ್ಟಿಲ್ಲ. ಬೆರಳು ಮುರಿದ ಹಾಗೆ ಸಣ್ಣ ಪೆಟ್ಟು ಅಂದುಕೊಂಡಿರಿ. ನಾನೇ ಹಾಗೆ ಬರೆದಿದ್ದೆ.

ಗೌತಮಿ

*

ಬೆಂಗಳೂರು
27 ಏಪ್ರಿಲ್ 2025

ಗೌತಮಿ,

ಸಹಿ ಹಾಕು.

ಮಗು ಬದುಕಿದೆ, ಅದು ನಿನ್ನಿಂದ. ಇನ್ನು ನಿನ್ನನ್ನು ನೀನು ನೋಡಿಕೊ. ಒಂದು ವರ್ಷದ ಮಾತು. ಅನುಮತಿ ಕೈಗೆ ಬಂದ ಮೇಲೆ ಸತ್ಯ ಹೇಳು, ಯಾರು ಬೇಡ ಅನ್ನುತ್ತಾರೆ? ಈಗ ಕೆಲಸ ಕಳೆದುಕೊಂಡು ಇಲ್ಲಿಗೆ ಬರುವ ಯೋಚನೆ ಮಾಡಬೇಡ. ಮೂವತ್ತೈದು ವಯಸ್ಸಿಗೆ ಇಲ್ಲಿ ಮತ್ತೆ ಮೊದಲಿಂದ ಶುರು ಮಾಡುವುದು ನೀನು ಅಂದುಕೊಂಡಷ್ಟು ಸುಲಭವಲ್ಲ. ನನ್ನ ಮಾತು ಕೇಳು.

ಮಹಾಲಿಂಗಪ್ಪ

*

ಇಲ್ಫರ್ಡ್
18 ಮೇ 2025

ಸಾರ್,

ಬೇಸರ ಬಂದ ದಿನ ಬಂದುಬಿಡು ಅಂತ ಬರೀತಿದ್ದವರು ಈ ಸಲ ಬರಬೇಡ ಅಂದಿರಿ. ಹುಡುಗಿಯರ ಸುದ್ದಿ ಒಂದು ಸಾಲೂ ಇರಲಿಲ್ಲ. ಯಾಕೆ ಅಂತ ನನಗೆ ಗೊತ್ತು.

ಡಿಸೆಂಬರ್‌ನಲ್ಲಿ ಸಿರಿಶಾ ತನ್ನ ಮಗನಿಗೆ ಅಮ್ಮ ಆಡಿದ ಜಾಗ ತೋರಿಸೋಕೆ ಅಂತ ಕಾರ್ಖಾನೆ ಗ್ರೌಂಡಿಗೆ ಹೋಗಿದ್ದಳು. ಅಲ್ಲಿ ಎತ್ತರದ ಗೋಡೆ, ಒಳಗೆ ಗೋದಾಮು. ಹುಡುಗಿಯರ ತಂಡ ಇತ್ತಲ್ಲ ಅಂತ ಕೇಳಿದ್ದಕ್ಕೆ, ಅದು ಮುಚ್ಚಿ ಎರಡು ವರ್ಷ ಆಯ್ತು, ಮಹಾಲಿಂಗಪ್ಪನೋರು ಗೋಡೆ ಕಟ್ಟೋ ದಿನ ಬಂದು ನಿಂತಿದ್ದರು ಅಂತ ವಾಚ್‌ಮನ್ ಹೇಳಿದನಂತೆ. ಚಕ್ಕುಲಿ ಡಬ್ಬ ಕೊಡೋವಾಗ ಸಿರಿಶಾ ಇದನ್ನ ಹೇಳಿದಳು. ಆಮೇಲೇ ನಿಮ್ಮನ್ನ ಕೀಪರ್ ಹುಡುಗಿ ಬಗ್ಗೆ ಕೇಳಿದ್ದು. ನಾನು ವಾಪಸ್ ಬರೋಕೆ ಒಂದು ಜಾಗ ಇರಲಿ ಅಂತ ನೀವು ಆ ತಂಡವನ್ನ ಕಾಗದದಲ್ಲಿ ಉಳಿಸಿಕೊಂಡಿದ್ದಿರಿ. ಅದು ಇದ್ದ ಹಾಗೇ ಇರಲಿ ಅಂತ ನಾನೂ ಬಿಟ್ಟೆ. ಅವಳು ಪೆನಾಲ್ಟಿ ಹಿಡಿದಳು ಅಂತ ಓದಿದಾಗ ನನಗೆ ನಿಜವಾಗಿ ಖುಷಿ ಆಯಿತು, ನಂಬ್ತೀರೋ ಇಲ್ಲವೋ.

ಅಲ್ಲಿ ಏನೂ ಇಲ್ಲ ಅಂತ ತಿಳಿದೇ ಇದನ್ನ ಬರೀತಿದ್ದೀನಿ. ನಾನು ಸಹಿ ಹಾಕಲಿಲ್ಲ. ನನಗೆ ಗೊತ್ತಿತ್ತು, ಕ್ರೇಗ್‌ಗೂ ಗೊತ್ತಿತ್ತು, ಇಬ್ಬರೂ ಸುಮ್ಮನಿದ್ದೆವು ಅಂತ ನಾನೇ ಬೇರೆ ಹೇಳಿಕೆ ಬರೆದುಕೊಟ್ಟೆ. ಅವನು ಸೆಪ್ಟೆಂಬರ್‌ನಲ್ಲಿ ಹೊಸ ಹುಡುಗಿಯರನ್ನ ತಗೋತಾನೆ ಸಾರ್. ನಾನು ಸುಳ್ಳು ಹೇಳಿ ಉಳಿದುಕೊಂಡರೂ ಅವನ ಪಕ್ಕದಲ್ಲೇ ನಿಂತಿರಬೇಕಲ್ಲ.

ಸೃಷ್ಟಿಯ ಮನೆಗೂ ಹೋದೆ. ಸದಾನಂದ ಬಾಗಿಲು ತೆಗೆದು ಪಕ್ಕಕ್ಕೆ ಸರಿದರು. ಸುಗಂಧಿ ಮೀನು ತೊಳೀತಿದ್ದವರು ಹಾಗೇ ಒದ್ದೆ ಕೈಯಲ್ಲಿ ಬಂದು ನಿಂತು ಎಲ್ಲಾ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು:

"ಎರಡ್ ದಿನ ಮೊದ್ಲ್ ಹೇಳೂಕೆ ಆಯ್ಲಿಲ್ಯಾ ನಿಮ್ಗೆ?"

ಇಲ್ಲ ಅಂದೆ. ಕೂತ್ಕೊಳ್ಳಿ ಅಂತ ಅವರು ಹೇಳಲಿಲ್ಲ. ಹೋಗಿ ಅಂತಲೂ ಹೇಳಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಜೂನ್ ಕೊನೆಗೆ ಕೆಲಸ ಮುಗಿಯುತ್ತೆ. ಐದು ವರ್ಷದ ನಿಯಮವನ್ನೂ ಹತ್ತಕ್ಕೆ ಏರಿಸ್ತಾರಂತೆ ಅಂತ ಈಗ ಎಲ್ಲೆಲ್ಲೂ ಮಾತು. ನಾನು ದಿನಾ ಅರ್ಜಿ ಹಾಕ್ತಿದ್ದೀನಿ. ಇನ್ನುಮೇಲೆ ಇಲ್ಲದ ಹುಡುಗಿಯರ ಬಗ್ಗೆ ಬರೆಯಬೇಡಿ. ನೀವು ಹೇಗಿದ್ದೀರ, ಬರೀರಿ.

ಗೌತಮಿ

*

ಬೆಂಗಳೂರು
8 ಜೂನ್ 2025

ಚಿ. ಗೌತಮಿಗೆ,

ನಾನು ಹೇಗಿದ್ದೇನೆ ಅಂತ ಕೇಳಿದ್ದೀಯ. ಬರೆಯಲು ಕೂತರೆ ಕೈ ಓಡುತ್ತಿಲ್ಲ. ಇಲ್ಲದ್ದನ್ನು ಬರೆಯುವಾಗ ಸಲೀಸಾಗಿ ಓಡುತ್ತಿತ್ತು.

ಒಂಬತ್ತನೇ ಮಹಡಿಯಲ್ಲಿದ್ದೇನೆ. ವಿಶಾಲಾಕ್ಷಿಯೂ ಅಳಿಯನೂ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಲಿಫ್ಟಿನಲ್ಲಿ ಇಳಿದು ಕಾಂಪೌಂಡಿನೊಳಗೇ ಸುತ್ತು ಹಾಕುತ್ತೇನೆ. ಹೊರಗೆ ರಸ್ತೆ ದಾಟಲು ಆಗುವುದಿಲ್ಲ, ಅಷ್ಟು ಗಾಡಿ. ಒಳಗೆ ಹಸಿರು ಹುಲ್ಲಿನ ಹಾಸು ಇದೆ. ಚೆಂಡಾಟ ನಿಷೇಧ ಅಂತ ಅಸೋಸಿಯೇಷನ್‌ನವರು ಬೋರ್ಡು ಹಾಕಿದ್ದಾರೆ. ಸೆಕ್ಯುರಿಟಿಯವನು ಶ್ರೀರಂಗ ಒಳ್ಳೆಯ ಮನುಷ್ಯ, ಆದರೆ ಮಕ್ಕಳ ಕೈಯಿಂದ ಚೆಂಡು ಕಸಿದು ಇಟ್ಟುಕೊಳ್ಳುವುದೇ ಅವನ ಕೆಲಸ. ನಾನು ಬೆಂಚಿನ ಮೇಲೆ ಕೂತು ನೋಡುತ್ತೇನೆ. ಮಧ್ಯಾಹ್ನ ಊಟ, ನಿದ್ದೆ. ನಿನ್ನ ಕಾಗದ ಬಂದರೆ ಅವತ್ತು ನಿದ್ದೆ ಇಲ್ಲ.

ಸಹಿ ಹಾಕು ಅಂದಿದ್ದು ನಿನ್ನ ಒಳ್ಳೇದಕ್ಕೆ ಅಂತ ಬರೆದಿದ್ದೆ. ಪೂರ್ತಿ ನಿಜ ಅಲ್ಲ. ನೀನು ಬಂದು ಆ ಗೋಡೆ ನೋಡುವುದು ನನಗೆ ಬೇಡವಾಗಿತ್ತು.

ಕೆಲಸ ಸಿಕ್ಕಿತಾ? ಸಿಗಲಿಲ್ಲ ಅಂದರೂ ಬರಿ.

ಮಹಾಲಿಂಗಪ್ಪ

*

ಎಜ್‌ವೇರ್
12 ಅಕ್ಟೋಬರ್ 2025

ಪ್ರೀತಿಯ ಸಾರ್,

ವಿಳಾಸ ಬದಲಾಗಿದೆ ನೋಡಿ. ಕೊಟ್ಟಿದ್ದ ಗಡುವು ಮುಗಿಯೋ ಹೊತ್ತಿಗೆ ಇಲ್ಲಿನ ಒಂದು ಖಾಸಗಿ ಶಾಲೆ ನನ್ನನ್ನ ತಗೊಂಡಿತು. ದೈಹಿಕ ಶಿಕ್ಷಣದ ಟೀಚರ್. ವೀಸಾ ಈಗ ಅವರ ಹೆಸರಿನ ಮೇಲೆ. ಚಿಕ್ಕ ಮಕ್ಕಳನ್ನ ಈಜುಕೊಳಕ್ಕೆ ಕರೆದುಕೊಂಡು ಹೋಗಿ ಲೆಕ್ಕ ಮಾಡಿ ವಾಪಸ್ ತರೋದು, ಮಿಕ್ಕ ಹೊತ್ತು ನೆಟ್‌ಬಾಲ್. ಫುಟ್‌ಬಾಲ್ ಇಲ್ಲ. ನಾನು ಹೆಡ್ ಅಲ್ಲ, ಅಸಿಸ್ಟೆಂಟ್ ಕೂಡ ಅಲ್ಲ. ಕಿಟಕಿಯಿಂದ ನಾರ್ದರ್ನ್ ಲೈನಿನ ಕೊನೇ ಸ್ಟೇಷನ್ ಕಾಣುತ್ತೆ, ಖಾಲಿ ರೈಲು ಬಂದು ನಿಲ್ಲುತ್ತೆ. ವೀಸಾ ಇರೋದರಿಂದ ಈ ಕೆಲಸವನ್ನೂ ಬಿಟ್ಟು ಹೋಗೋ ಹಾಗಿಲ್ಲ. ಕೊಠಡಿ ಮಾತ್ರ ಬೇರೆ.

ವಿಚಾರಣೆ ಮುಗೀತು. ನನ್ನದು ತಪ್ಪು ಅಂತ ಬರೆದರು, ಕ್ರೇಗ್ ವಿಷಯದಲ್ಲಿ ಸಾಕಷ್ಟು ಆಧಾರ ಇಲ್ಲ ಅಂದರು. ಅವನು ಅಲ್ಲೇ ಇದ್ದಾನೆ. ಆದರೆ ಈಗ ಪ್ರಾಕ್ಟೀಸಿನಲ್ಲಿ ಕಾಲೇಜಿನ ನರ್ಸ್ ಒಬ್ಬರು ಕೂತಿರ್ತಾರಂತೆ. ಸುಗಂಧಿ ಕಾಲೇಜಿಗೆ ಹೋಗಿ, ಅದಾಗೋವರೆಗೆ ಎದ್ದು ಹೋಗೋದಿಲ್ಲ ಅಂತ ಆಫೀಸಿನಲ್ಲಿ ಕೂತುಬಿಟ್ಟರಂತೆ. ಅಬೆನಾ ಹೇಳಿದಳು. ಸುಗಂಧಿ ನನಗೆ ಒಂದು ಮಾತೂ ತಿಳಿಸಿಲ್ಲ.

ಸೃಷ್ಟಿ ಮೊನ್ನೆ ಮೊದಲ ಸಲ ಮೆಸೇಜ್ ಮಾಡಿದಳು. ಆರು ತಿಂಗಳಲ್ಲಿ ನಾನು ಕಳಿಸಿದ ಯಾವುದಕ್ಕೂ ಉತ್ತರ ಬಂದಿರಲಿಲ್ಲ. ಡಾಕ್ಟರ್ ಆಡಬಹುದು ಅಂದಿದ್ದಾರಂತೆ. ಆ ಕ್ಲಬ್ಬಿನವರು ಬೇರೆ ಹುಡುಗಿಯನ್ನ ತಗೊಂಡರಂತೆ. ಕೊನೆಗೆ ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದಾಳೆ, ನಾನು ಕನ್ನಡದಲ್ಲಿ ಕೊಡ್ತೀನಿ: "ಅವತ್ತು ನನಗೆ ಏನೂ ಆಗ್ತಿರಲಿಲ್ಲ. ನೀವು ನನ್ನಿಂದ ಅದನ್ನ ಕಿತ್ತುಕೊಂಡಿರಿ. ನಾನು ನಿಮ್ಮನ್ನ ಯಾವತ್ತೂ ಕ್ಷಮಿಸೋದಿಲ್ಲ."

ಒಂದು ಅಕ್ಷರ ತಪ್ಪಿಲ್ಲದೆ, ಪೂರ್ತಿ ವಾಕ್ಯಗಳಲ್ಲಿ ಬರೆದಿದ್ದಾಳೆ ಸಾರ್. ಏಪ್ರಿಲ್‌ನಲ್ಲಿ ಅವಳಿಗೆ ಫೋನಿನ ಪರದೆ ನೋಡೋಕೂ ಆಗ್ತಿರಲಿಲ್ಲ, ಕಿಟಕಿಯ ಕರ್ಟನ್ ಎಳೆದು ಕತ್ತಲೆಯಲ್ಲಿ ಮಲಗಿರ್ತಿದ್ದಳಂತೆ. ನಾನು ಅದನ್ನ ಮತ್ತೆ ಮತ್ತೆ ಓದಿದೆ. ಇಷ್ಟು ಸಿಟ್ಟು ಮಾಡಿಕೊಳ್ಳೋಷ್ಟು ಗಟ್ಟಿಯಾಗಿದ್ದಾಳೆ.

ಗೌತಮಿ